ಪಲ್ಲವಿಗೊಂದು ಪೆಟ್ಟು, ಚರಣಕ್ಕೊಂದು ನಡೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಹಾಡಿಗೆ ಬರವಿಲ್ಲ. ತಿಪಟೂರಿನ ಕೆಂಪಮ್ಮ, ದಸರೀಘಟ್ಟದ ಚೌಡೇಶ್ವರಿ, ತುರುವೇಕೆರೆಯ ಬೇಟೆರಾಯ, ಚಿಕ್ಕನಾಯಕನಹಳ್ಳಿಯ ಹಳೆಯೂರು ಆಂಜನೇಯ ಹೀಗೆ ಊರೂರಿಗೂ ದೇವರು, ದೇವರಿಗೆ ಪದ ಕಟ್ಟುವ ಭಕ್ತರು, ಹಾಡುವ ಭಜನೆ ಮಂಡಳಿಗಳು. ಮೊದಲೆಲ್ಲ ಇಂಥ ಹಾಡು ರೆಕಾರ್ಡ್ ಆಗಬೇಕಾದರೆ ಬೆಂಗಳೂರಿನ ರೈಲು ಹತ್ತಬೇಕಿತ್ತು, ಸ್ಟುಡಿಯೊಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕಟ್ಟಬೇಕಿತ್ತು, ತಬಲಾ–ಢೋಲಕ್–ರಿದಂ ಪ್ಯಾಡ್‌ನವರನ್ನು ಹೊಂದಿಸಬೇಕಿತ್ತು. ಈಗ ಒಂದು ಲ್ಯಾಪ್‌ಟಾಪ್, ಒಂದು ಮೈಕು, ಒಂದು ಆಡಿಯೊ ಇಂಟರ್‌ಫೇಸ್ ಇದ್ದರೆ ಮನೆಯ ಕೋಣೆಯಲ್ಲೇ ಕೆಲಸ ಮುಗಿಯುತ್ತದೆ. ತಾಳವಾದ್ಯದ ಜಾಗವನ್ನು ವರ್ಚುವಲ್ ಡ್ರಮ್ ಸಾಫ್ಟ್‌ವೇರ್ ತುಂಬುತ್ತದೆ.

ಆದರೆ ಹೀಗೆ ತಯಾರಾದ ಎಷ್ಟೋ ಹಾಡುಗಳಲ್ಲಿ ಒಂದು ಕೊರತೆ ಕಿವಿಗೆ ಬಡಿಯುತ್ತದೆ. ದನಿ ಏರುತ್ತದೆ, ಇಳಿಯುತ್ತದೆ, ಚರಣದಲ್ಲಿ ಬೇಡುತ್ತದೆ, ಪಲ್ಲವಿಯಲ್ಲಿ ಉಘೇ ಎನ್ನುತ್ತದೆ. ತಾಳ ಮಾತ್ರ ಮೊದಲ ಕ್ಷಣದಿಂದ ಕೊನೆಯ ಕ್ಷಣದವರೆಗೆ ಅದೇ. ಯಾರೋ ಒಂದು ಲೂಪ್ ಆರಿಸಿ, ಹಾಡಿನ ಉದ್ದಕ್ಕೂ ಅಂಟಿಸಿ ಎದ್ದು ಹೋಗಿದ್ದಾರೆ. ಹಾಡಿನ ಭಾಗಗಳನ್ನು ಜೋಡಿಸುವುದು, ಭಾಗದಿಂದ ಭಾಗಕ್ಕೆ ನಡೆ ಬದಲಿಸುವುದು ಸಾಫ್ಟ್‌ವೇರಿನಲ್ಲಿ ಕಷ್ಟದ ಕೆಲಸವೇನಲ್ಲ. ಹಾಡು ಎಲ್ಲಿ ತಿರುಗುತ್ತದೆ ಎಂಬುದನ್ನು ಮೊದಲು ಕಿವಿಯಲ್ಲಿ ಗೊತ್ತುಮಾಡಿಕೊಂಡಿರಬೇಕು, ಅಷ್ಟೆ. ಆ ತಿಳಿವಳಿಕೆ ಈ ಸೀಮೆಯ ಮೇಳಗಳಲ್ಲಿ ಹಿಂದಿನಿಂದಲೂ ಇದೆ.

ವರ್ಚುವಲ್ ಡ್ರಮ್ ಎಂದರೆ ಏನು ಎಂಬಲ್ಲಿಂದಲೇ ಶುರುಮಾಡಬಹುದು. ನಿಜವಾದ ಡ್ರಮ್ಮಿನ ಒಂದೊಂದು ಪೆಟ್ಟನ್ನೂ ಮೆಲ್ಲಗೆ, ಮಧ್ಯಮವಾಗಿ, ಜೋರಾಗಿ ಬಾರಿಸಿ ಬೇರೆಬೇರೆಯಾಗಿ ರೆಕಾರ್ಡ್ ಮಾಡಿಟ್ಟ ಭಂಡಾರ ಅದು. ಯಾವ ಪೆಟ್ಟು, ಯಾವ ಕ್ಷಣದಲ್ಲಿ, ಎಷ್ಟು ಬಿರುಸಾಗಿ ಬೀಳಬೇಕು ಎಂಬ ಸೂಚನೆ ಮಿಡಿ ಎಂಬ ಸಂಕೇತದಲ್ಲಿರುತ್ತದೆ. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ವಾದ್ಯ ಪ್ರದರ್ಶನದಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಕೀಬೋರ್ಡ್‌ಗಳನ್ನು ಜೋಡಿಸಿ ಮಿಡಿಯನ್ನು ಮೊದಲ ಬಾರಿ ಜನರ ಮುಂದೆ ತೋರಿಸಿದರು. ಅದರ ಹಿಂದಿದ್ದ ಡೇವ್ ಸ್ಮಿತ್ ಮತ್ತು ರೋಲ್ಯಾಂಡ್ ಕಂಪನಿಯ ಇಕುತಾರೊ ಕಾಕೆಹಾಶಿ ಅವರಿಗೆ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಸಂದಿತು. 1991ರಲ್ಲಿ ಬಂದ ಜನರಲ್ ಮಿಡಿ ಕ್ರಮದಲ್ಲಿ 10ನೇ ಚಾನೆಲ್ ತಾಳವಾದ್ಯಕ್ಕೆ ಮೀಸಲಾಯಿತು. 36ನೇ ಸಂಖ್ಯೆ ಕಿಕ್‌ಗೆ, 38 ಸ್ನೇರ್‌ಗೆ, 42 ಮುಚ್ಚಿದ ಹೈ-ಹ್ಯಾಟ್‌ಗೆ, 49 ಕ್ರ್ಯಾಶ್‌ಗೆ. ಪೆಟ್ಟಿನ ಬಿರುಸನ್ನು 1ರಿಂದ 127ರವರೆಗಿನ ಅಂಕಿಯಲ್ಲಿ ಹೇಳುತ್ತಾರೆ; ಅದಕ್ಕೆ ವೆಲಾಸಿಟಿ ಎಂದು ಹೆಸರು.

ಯಂತ್ರಕ್ಕೆ ತಾಳ ಕಲಿಸುವ ಕೆಲಸ ಅದಕ್ಕೂ ಹಿಂದಿನದು. ರೋಜರ್ ಲಿನ್ ಅವರ ಎಲ್‌ಎಂ-1 ಯಂತ್ರ 1980ರಲ್ಲೇ ನಿಜವಾದ ಡ್ರಮ್ಮಿನ ದನಿಯನ್ನು ಡಿಜಿಟಲ್ ಆಗಿ ಹಿಡಿದಿಟ್ಟಿತ್ತು. ಅದೇ ವರ್ಷ ಬಂದ ರೋಲ್ಯಾಂಡಿನ ಟಿಆರ್-808 ಬಳಸಿ ಮುಂಬೈನ ವಾದಕ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿದರು. ಬೆಂಗಳೂರಿನಲ್ಲಿ, ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ ಕೊಳಲು ವಾದಕ ಜಿ. ರಾಜ್ ನಾರಾಯಣ್ ರಾಡೆಲ್ ಸಂಸ್ಥೆ ಕಟ್ಟಿ ವಿದ್ಯುನ್ಮಾನ ತಂಬೂರಿ, ವಿದ್ಯುನ್ಮಾನ ತಬಲಾ ತಯಾರಿಸಿದರು. ಸಂಗೀತ ಪಾಠದ ಮನೆಗಳಲ್ಲಿ ಇಂದಿಗೂ ಆ ಪೆಟ್ಟಿಗೆಗಳಿವೆ. ಪೆಟ್ಟಿಗೆಗೆ ತಾಳದ ಹೆಸರು ಗೊತ್ತು, ವೇಗ ಗೊತ್ತು. ಹಾಡು ಈಗ ಪಲ್ಲವಿಯಲ್ಲಿದೆಯೋ ಚರಣದಲ್ಲಿದೆಯೋ ಎಂಬುದು ಗೊತ್ತಿಲ್ಲ. ಅದನ್ನು ತಿಳಿಸುವ ಅನುಕೂಲವೇ ಇಂದಿನ ಸಾಫ್ಟ್‌ವೇರಿನ ದೊಡ್ಡ ಗುಣ.

ಸ್ವೀಡನ್ನಿನ ಟೂನ್‌ಟ್ರ್ಯಾಕ್ ಕಂಪನಿಯ ಈಝೀಡ್ರಮ್ಮರ್‌ನಲ್ಲಿ ಸಾಂಗ್ ಟ್ರ್ಯಾಕ್ ಎಂಬ ಉದ್ದನೆಯ ಪಟ್ಟಿಯಿದೆ. ಭಂಡಾರದಿಂದ ಒಂದೊಂದು ನಡೆಯನ್ನು ಎಳೆದು ಈ ಪಟ್ಟಿಯಲ್ಲಿ ಸಾಲಾಗಿ ಇಟ್ಟರೆ ಹಾಡಿನ ತಾಳ ಸಿದ್ಧ. 2022ರಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಗಿಟಾರೋ ಕೀಬೋರ್ಡೋ ನುಡಿಸಿದ ತುಣುಕನ್ನು ಕೊಟ್ಟರೆ ಅದಕ್ಕೆ ಒಪ್ಪುವ ನಡೆಗಳನ್ನು ಸಾಫ್ಟ್‌ವೇರೇ ಹುಡುಕಿ ಮುಂದಿಡುತ್ತದೆ. ಆಪಲ್ ಕಂಪನಿಯ ಲಾಜಿಕ್ ಪ್ರೊದಲ್ಲಿ 2013ರಿಂದ ಡ್ರಮ್ಮರ್ ಎಂಬ ಟ್ರ್ಯಾಕ್ ಇದೆ. ಅಲ್ಲಿ ಹಾಡಿನ ಭಾಗಗಳಿಗೆ ಗುರುತು ಹಾಕಿದರೆ ಭಾಗಕ್ಕೆ ತಕ್ಕಂತೆ ಬಾಜನೆ ಬದಲಾಗುತ್ತದೆ. ಹೈಡ್ರೋಜನ್ ಎಂಬುದು ಪೂರ್ತಿ ಉಚಿತ, ಮುಕ್ತ ತಂತ್ರಾಂಶ. ಕೆಳಗೆ ಪ್ಯಾಟರ್ನ್ ಬರೆಯುವ ಚೌಕುಳಿ, ಮೇಲೆ ಪ್ಯಾಟರ್ನ್‌ಗಳನ್ನು ಹಾಡಾಗಿ ಜೋಡಿಸುವ ಚೌಕುಳಿ. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಕೈಯಲ್ಲಿ ಹಣವಿಲ್ಲದ ಕಾಲೇಜು ಹುಡುಗರಿಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ.

ಈ ಸಾಫ್ಟ್‌ವೇರುಗಳಲ್ಲಿ ಹೆಚ್ಚಿನವು ಪಾಶ್ಚಾತ್ಯ ಪಾಪ್ ಹಾಡಿನ ಕಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಇಂಟ್ರೊ, ವರ್ಸ್, ಕೋರಸ್, ಬ್ರಿಜ್, ಔಟ್ರೊ ಎಂಬ ಹೆಸರುಗಳು ಮೊದಲೇ ಇರುತ್ತವೆ. ವರ್ಸ್‌ನಲ್ಲಿ ಕಥೆ ಹೇಳಿ, ಬಿಸಿ ಏರಿಸಿ, ಕೋರಸ್‌ನಲ್ಲಿ ಸಿಡಿಯುವುದು ಅಲ್ಲಿನ ಪದ್ಧತಿ. ಹಾಗಾಗಿ ವರ್ಸ್‌ಗೆಂದು ಕೊಟ್ಟ ನಡೆ ತೆಳುವಾಗಿ, ಹೈ-ಹ್ಯಾಟ್ ಮೇಲೆ ಸಾಗುತ್ತದೆ. ಕೋರಸ್‌ಗೆಂದು ಕೊಟ್ಟದ್ದು ತುಂಬಿಕೊಂಡು, ಕ್ರ್ಯಾಶ್ ಬಾರಿಸುತ್ತಾ ಬರುತ್ತದೆ.

ಕನ್ನಡದ ಹಾಡು ಹೀಗೆ ನಡೆಯುವುದಿಲ್ಲ. ಅದು ಪಲ್ಲವಿಯಿಂದಲೇ ಹೊರಡುತ್ತದೆ. ಹಾಡಿನ ಜೀವವಿರುವ ಸಾಲು ಮೊದಲು ಬಂದು, ಅನುಪಲ್ಲವಿ ಅದನ್ನು ಎತ್ತಿಹಿಡಿದು, ಬಿಜಿಎಂ (ನಡುವಿನ ವಾದ್ಯಸಂಗೀತ) ಆದ ಮೇಲೆ ಚರಣ ವಿಸ್ತಾರವಾಗಿ ಹೇಳಿ, ಕೊನೆಯ ಸಾಲಿನಲ್ಲಿ ಮತ್ತೆ ಪಲ್ಲವಿಗೆ ಒಪ್ಪಿಸುತ್ತದೆ. ಪಲ್ಲವಿಯನ್ನು ಕೋರಸ್ ಎಂದುಕೊಂಡು ಮೊದಲ ಸಲವೇ ತುಂಬು ನಡೆ ಕೊಟ್ಟರೆ ಮುಂದೆ ಏರಲು ಮೆಟ್ಟಿಲೇ ಉಳಿಯುವುದಿಲ್ಲ. ವರ್ಸ್ ಎಂದುಕೊಂಡು ತೆಳು ನಡೆ ಕೊಟ್ಟು ಅದನ್ನೇ ಕೊನೆಯವರೆಗೆ ಮುಂದುವರಿಸಿದರೆ, ಮೂರನೇ ಸಲ ಬರುವ ಪಲ್ಲವಿಗೂ ಮೊದಲನೆಯದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಸಿದ್ಧ ಮಾದರಿಯನ್ನು ಬದಿಗಿಟ್ಟು, ಪಲ್ಲವಿ ಒಂದು, ಪಲ್ಲವಿ ಎರಡು, ಪಲ್ಲವಿ ಮೂರು ಎಂದು ಬೇರೆಬೇರೆ ಹೆಸರು ಕೊಟ್ಟು, ಒಂದೊಂದಕ್ಕೂ ಬೇರೆ ನಡೆ ಬರೆದುಕೊಳ್ಳುವುದು ಸರಿಯಾದ ದಾರಿ.

ಉದಾಹರಣೆಗೆ ಒಂದು ದೇವಿ ಹಾಡು ಎಂದಿಟ್ಟುಕೊಳ್ಳಬಹುದು. ನಿಮಿಷಕ್ಕೆ 90 ಪೆಟ್ಟಿನ ವೇಗ, ಒಂದು ಬಾರ್‌ಗೆ, ಅಂದರೆ ತಾಳದ ಒಂದು ಸುತ್ತಿಗೆ, ನಾಲ್ಕು ಪೆಟ್ಟು. ಬರೀ ತಮಟೆಯ ಆರಂಭ 4 ಬಾರ್, ಪಲ್ಲವಿ 8, ಬಿಜಿಎಂ 8, ಮೊದಲ ಚರಣ 16, ಪಲ್ಲವಿಯ ಮರಳಿಕೆ 4, ಎರಡನೇ ಬಿಜಿಎಂ 8, ಎರಡನೇ ಚರಣ 16, ಕೊನೆಯ ಪಲ್ಲವಿ 8. ಒಟ್ಟು 72 ಬಾರ್. ಒಂದು ಬಾರ್‌ಗೆ ಸುಮಾರು 2.67 ಸೆಕೆಂಡ್, ಹಾಡಿಗೆ 3 ನಿಮಿಷ 12 ಸೆಕೆಂಡ್. ಇಷ್ಟನ್ನು ಮೊದಲು ಕಾಗದದ ಮೇಲೆ ಬರೆದುಕೊಂಡು, ಪ್ರತಿ ಭಾಗದ ಮುಂದೆ ಯಾವ ವಾದ್ಯ ಇರಬೇಕು, ಯಾವುದು ಸುಮ್ಮನಿರಬೇಕು ಎಂದು ಗುರುತು ಹಾಕಿಕೊಂಡರೆ ಕಂಪ್ಯೂಟರಿನ ಮುಂದೆ ಕೂರುವ ಹೊತ್ತು ಅರ್ಧಕ್ಕರ್ಧ ಉಳಿಯುತ್ತದೆ.

ಹೀಗೆ ಬರೆದಿಡುವುದು ಹೊಸದೇನಲ್ಲ. ಯಕ್ಷಗಾನ ಪ್ರಸಂಗದ ಪುಸ್ತಕ ತೆರೆದರೆ ಪ್ರತಿ ಪದದ ನೆತ್ತಿಯ ಮೇಲೆ ರಾಗದ ಹೆಸರು, ತಾಳದ ಹೆಸರು ಅಚ್ಚಾಗಿರುತ್ತದೆ. ಏಕ, ಝಂಪೆ, ತ್ರಿವುಡೆ, ಅಷ್ಟ ಎಂದು ಪದದಿಂದ ಪದಕ್ಕೆ ತಾಳ ಬದಲಾಗುತ್ತದೆ. ಇಡೀ ರಾತ್ರಿಯ ಆಟದ ತಾಳದ ನಕ್ಷೆ ಅದು. ಬಯಲುಸೀಮೆಯ ಮೂಡಲಪಾಯ ಯಕ್ಷಗಾನಕ್ಕೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಗಟ್ಟಿ ನೆಲೆ. ಆ ಕಲೆಗಾಗಿ ದುಡಿದ ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯನವರು ತರಬೇತಿ ಕೇಂದ್ರ ಕಟ್ಟಿದ್ದು ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ. ಮುಖವೀಣೆ, ಮದ್ದಳೆ, ಭಾಗವತರ ಕೈಯ ತಾಳ ಇಷ್ಟೇ ಹಿಮ್ಮೇಳ. ಪಾತ್ರ ಒಡ್ಡೋಲಗಕ್ಕೆ ಬರುವಾಗಿನ ನಡೆ ಬೇರೆ, ಯುದ್ಧದ ನಡೆ ಬೇರೆ, ದುಃಖದ ಪದಕ್ಕೆ ಬೇರೆ. ಯಾವುದು ಎಲ್ಲಿ ಎಂಬುದನ್ನು ಕಥೆಯ ಸಂದರ್ಭ ಗೊತ್ತುಮಾಡುತ್ತದೆ.

ಭಾಗಗಳನ್ನು ಕತ್ತರಿಸಿ ಜೋಡಿಸುವಾಗ ಹೊಸಬರು ಎಡವುವ ಜಾಗ ಎಡುಪು, ಅಂದರೆ ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ. ಹಾಡು ಯಾವಾಗಲೂ ತಾಳದ ಮೊದಲ ಪೆಟ್ಟಿಗೇ ಶುರುವಾಗಬೇಕೆಂದಿಲ್ಲ. ತಾಳಕ್ಕಿಂತ ಮೊದಲೇ ಹಾಡು ಎತ್ತಿದರೆ ಅತೀತ, ತಾಳ ಬಿದ್ದ ಮೇಲೆ ಎತ್ತಿದರೆ ಅನಾಗತ, ಎರಡೂ ಕೂಡಿ ಬಂದರೆ ಸಮ. ಅತೀತದಲ್ಲಿ ಎತ್ತುವ ಪಲ್ಲವಿಯ ಮೊದಲ ಒಂದೆರಡು ಅಕ್ಷರ ಹಿಂದಿನ ಬಾರಿನ ಕೊನೆಯಲ್ಲಿ ಬಿದ್ದಿರುತ್ತವೆ. ಸಾಫ್ಟ್‌ವೇರಿನಲ್ಲಿ ಭಾಗದ ಗಡಿ ಬಾರಿನ ಗೆರೆಯ ಮೇಲಿರುತ್ತದೆ. ಆ ಗೆರೆಗೆ ಕತ್ತರಿ ಹಾಕಿ ಪಲ್ಲವಿಯನ್ನು ನಕಲು ಮಾಡಿ ಮುಂದಕ್ಕೆ ಅಂಟಿಸಿದರೆ, ದೇವಿಯ ಹೆಸರಿನ ಮೊದಲಕ್ಷರವೇ ಹಿಂದೆ ಉಳಿದುಬಿಡುತ್ತದೆ. ತಾಳದ ಭಾಗವನ್ನು ಗೆರೆಗೆ ಕತ್ತರಿಸಿ, ದನಿಯ ಟ್ರ್ಯಾಕನ್ನು ಮಾತ್ರ ಉಸಿರಿನ ಜಾಗದಲ್ಲಿ ಕತ್ತರಿಸಿದರೆ ಈ ತೊಂದರೆ ಇಲ್ಲ. ಐಫೋನಿನ ಗ್ಯಾರೇಜ್‌ಬ್ಯಾಂಡ್ ಎಂಬ ಹಾಡು ಕಟ್ಟುವ ಆ್ಯಪ್‌ನಲ್ಲಿ ಇನ್ನೊಂದು ಹಳ್ಳ ಕಾದಿದೆ: ಅಲ್ಲಿ ಒಂದು ಭಾಗ ಎಂದರೆ ತಾನಾಗಿಯೇ 8 ಬಾರ್. 16 ಬಾರಿನ ಚರಣ ಹಾಡಲು ಕೂತವರಿಗೆ ಅರ್ಧಕ್ಕೇ ಹಾಡು ಮೊದಲಿಗೆ ಮರಳಿದಂತಾಗುತ್ತದೆ. ಭಾಗದ ಅಳತೆಯನ್ನು ಮೊದಲೇ ಬದಲಿಸಿಕೊಳ್ಳಬೇಕು.

ಇನ್ನು ನಡೆ ಬದಲಿಸುವ ವಿಚಾರ. ಇದರಲ್ಲಿ ಮೂರು ಬಗೆ.

ಮೊದಲನೆಯದರಲ್ಲಿ ತಾಳ ಅದೇ, ವೇಗ ಅದೇ, ತುಂಬು ಮಾತ್ರ ಬೇರೆ. ಪಲ್ಲವಿಯಲ್ಲಿ ಕಿಕ್ ಮತ್ತು ತಮಟೆ, ಚರಣದ ಮೊದಲ 8 ಬಾರಿನಲ್ಲಿ ಬರೀ ಗೆಜ್ಜೆ ಮತ್ತು ತಾಳ, ಮುಂದಿನ 8ರಲ್ಲಿ ಢೋಲಕ್ ಸೇರ್ಪಡೆ. ಬಹುಪಾಲು ಹಾಡುಗಳಿಗೆ ಇಷ್ಟೇ ಸಾಕು. ಲಾಜಿಕ್ ಮತ್ತು ಗ್ಯಾರೇಜ್‌ಬ್ಯಾಂಡ್‌ಗಳ ಡ್ರಮ್ಮರ್‌ನಲ್ಲಿ ಸರಳ–ಸಂಕೀರ್ಣ, ಮೆದು–ಜೋರು ಎಂಬ ನಾಲ್ಕು ದಿಕ್ಕಿನ ಒಂದು ಚೌಕವಿದೆ. ಅದರೊಳಗಿನ ಚುಕ್ಕಿಯನ್ನು ಭಾಗಕ್ಕೊಂದು ಜಾಗದಲ್ಲಿ ಇಟ್ಟರೆ ಈ ಬದಲಾವಣೆ ಸಿಗುತ್ತದೆ.

ಎರಡನೆಯದರಲ್ಲಿ ಪೆಟ್ಟು ಅದೇ ಇದ್ದು, ಪೆಟ್ಟಿನ ಒಳಗಿನ ಗತಿ ಬದಲಾಗುತ್ತದೆ. ಚತುರಶ್ರದಿಂದ ತಿಶ್ರಕ್ಕೆ ಹೋಗುವುದು ಎಂದರೆ ಒಂದು ಪೆಟ್ಟನ್ನು ನಾಲ್ಕಾಗಿ ಒಡೆಯುತ್ತಿದ್ದುದನ್ನು ಮೂರಾಗಿ ಒಡೆಯುವುದು. ಕೋಲಾಟದ ಎಷ್ಟೋ ಪದಗಳು ತಿಶ್ರದಲ್ಲಿವೆ. ದೇವಿ ಹಾಡಿನ ಕೊನೆಯ ಪಲ್ಲವಿಯನ್ನು ತಿಶ್ರಕ್ಕೆ ತಿರುಗಿಸಿದರೆ ಕೂತವರ ಕಾಲು ತಾನಾಗಿ ಅಲುಗುತ್ತದೆ. ಇಲ್ಲಿ ಒಂದು ಲೆಕ್ಕ ತಪ್ಪಿದರೆ ಹಾಡೇ ಕುಸಿಯುತ್ತದೆ. ಭಂಡಾರದಿಂದ 6/8 ಎಂದು ಬರೆದ ನಡೆಯೊಂದನ್ನು ತಂದು 90ರ ವೇಗದ ಹಾಡಿನ ಕೊನೆಗೆ ಇಟ್ಟರು ಎನ್ನೋಣ. ಸಾಫ್ಟ್‌ವೇರ್ ಎಣಿಸುವುದು ಕಾಲುಸ್ವರವನ್ನು (ಕ್ವಾರ್ಟರ್ ನೋಟ್). ನಿಮಿಷಕ್ಕೆ 90 ಕಾಲುಸ್ವರ ಎಂದರೆ 180 ಅರೆಕಾಲು ಸ್ವರ. 6/8ರಲ್ಲಿ ಮೂರು ಅರೆಕಾಲು ಸೇರಿ ಒಂದು ಪೆಟ್ಟು. 180ನ್ನು ಮೂರರಿಂದ ಭಾಗಿಸಿದರೆ 60. ಚಪ್ಪಾಳೆ ತಟ್ಟುತ್ತಿದ್ದವರ ಕೈ 90ರಿಂದ ಒಮ್ಮೆಗೇ 60ಕ್ಕೆ ಬೀಳುತ್ತದೆ. ಏರಬೇಕಾದ ಜಾಗದಲ್ಲಿ ಹಾಡು ಸೊರಗುತ್ತದೆ. ಪೆಟ್ಟು 90ರಲ್ಲೇ ಉಳಿಯಬೇಕಾದರೆ ಆ ಬಾರಿನಿಂದ ಟೆಂಪೊವನ್ನು ಒಂದೂವರೆ ಪಟ್ಟು, ಅಂದರೆ 135ಕ್ಕೆ ಏರಿಸಬೇಕು. ಇಲ್ಲವೇ 4/4ನಲ್ಲೇ ಇದ್ದು ಚೌಕುಳಿಯನ್ನು ಟ್ರಿಪ್ಲೆಟ್‌ಗೆ ಬದಲಿಸಿ ಮೂರು ಮೂರಾಗಿ ಪೆಟ್ಟು ಬರೆಯಬೇಕು. ಎರಡರ ಫಲವೂ ಒಂದೇ.

ಮೂರನೆಯದು ತಾಳವೇ ಬದಲಾಗುವುದು. ನಾಲ್ಕರಿಂದ ಏಳಕ್ಕೆ, ಏಳರಿಂದ ಹತ್ತಕ್ಕೆ. ಪಾಶ್ಚಾತ್ಯ ರಾಕ್ ಸಂಗೀತದಲ್ಲಿ ಇದನ್ನು ದೊಡ್ಡ ಸಾಹಸ ಎನ್ನುತ್ತಾರೆ. ಕನ್ನಡದಲ್ಲಿ ಹರಿದಾಸರು ಇದಕ್ಕೆಂದೇ ಒಂದು ಪ್ರಕಾರವನ್ನು ಬೆಳೆಸಿದರು: ಸುಳಾದಿ. ಒಂದು ಸುಳಾದಿಯ ಒಂದೊಂದು ನುಡಿಗೂ ಒಂದೊಂದು ತಾಳ. ಧ್ರುವ, ಮಠ್ಯ, ತ್ರಿಪುಟ, ಅಟ್ಟ ಹೀಗೆ ಸಾಗಿ ಕೊನೆಗೆ ಜತೆ ಎಂಬ ಎರಡು ಸಾಲಿನಲ್ಲಿ ಮುಗಿಯುತ್ತದೆ. ಇಂದು ಕರ್ನಾಟಕ ಸಂಗೀತ ಕಲಿಯುವ ಮಕ್ಕಳು ಬಾಯಿಪಾಠ ಮಾಡುವ ಸಪ್ತತಾಳಗಳಿಗೆ ಸುಳಾದಿ ಸಪ್ತತಾಳಗಳೆಂದೇ ಹೆಸರು. ಧ್ರುವಕ್ಕೆ 14 ಅಕ್ಷರ, ಮಠ್ಯಕ್ಕೆ 10, ರೂಪಕಕ್ಕೆ 6, ಝಂಪೆಗೆ 10, ತ್ರಿಪುಟಕ್ಕೆ 7, ಅಟ್ಟಕ್ಕೆ 14, ಏಕಕ್ಕೆ 4 ಎಂಬುದು ಅಲಂಕಾರಗಳಲ್ಲಿ ಕಲಿಸುವ ಲೆಕ್ಕ.

ಸುಳಾದಿಯನ್ನೋ ಪ್ರಸಂಗದ ಪದಗಳ ಸರಣಿಯನ್ನೋ ಸಾಫ್ಟ್‌ವೇರಿಗೆ ತರಬೇಕಾದರೆ ಯಾವುದನ್ನು ಆರಿಸಿಕೊಳ್ಳುತ್ತೇವೆ ಎಂಬುದು ಮುಖ್ಯವಾಗುತ್ತದೆ. ಐಫೋನಿನ ಗ್ಯಾರೇಜ್‌ಬ್ಯಾಂಡ್‌ನಲ್ಲಿ 4/4, 3/4, 6/8 ಮೂರೇ ಆಯ್ಕೆ. ಹಾಡಿನ ನಡುವೆ ಬದಲಿಸಲು ಬರುವುದಿಲ್ಲ. ತ್ರಿಪುಟವನ್ನು ಅಲ್ಲಿ ಬರೆಯಲೇಬೇಕೆಂದರೆ ಒಂದು ಉಪಾಯ ಇದೆ. ನಾಲ್ಕರ 7 ಬಾರ್ ಎಂದರೆ 28 ಪೆಟ್ಟು, ಏಳರ 4 ಆವರ್ತವೂ 28 ಪೆಟ್ಟು. ಭಾಗದ ಅಳತೆಯನ್ನು 7 ಬಾರಿಗೆ ಇಟ್ಟು, ಗೆರೆಗಳನ್ನು ಗಮನಿಸದೆ ಏಳೇಳಾಗಿ ಕೈಯಾರೆ ಬರೆದರೆ ಕೊನೆಗೆ ಎರಡೂ ಕೂಡಿಬರುತ್ತವೆ. ಹೈಡ್ರೋಜನ್‌ನಲ್ಲಿ ಈ ಸರ್ಕಸ್ ಬೇಡ. ಒಂದೊಂದು ಪ್ಯಾಟರ್ನ್‌ಗೂ ಬೇಕಾದ ಉದ್ದ ಕೊಡಬಹುದು. ಏಳರದೊಂದು, ಹತ್ತರದೊಂದು, ಹದಿನಾಲ್ಕರದೊಂದು ಬರೆದು ಮೇಲಿನ ಚೌಕುಳಿಯಲ್ಲಿ ಸಾಲಾಗಿ ಗುರುತು ಹಾಕಿದರೆ ಒಂದರ ಹಿಂದೊಂದು ನುಡಿಯುತ್ತವೆ. ವೇಗ ಬದಲಾಗುವ ಜಾಗಗಳನ್ನು ಕಾಲರೇಖೆಯ ಮೇಲೆ ನಮೂದಿಸಬಹುದು.

ನಡೆ ಬದಲಾಗುವ ಕ್ಷಣಕ್ಕಿಂತ ಅದರ ಹಿಂದಿನ ಒಂದು ಆವರ್ತ ಮುಖ್ಯ. ಕೇಳುಗನಿಗೆ ಮುನ್ಸೂಚನೆ ಸಿಗಬೇಕು. ಡ್ರಮ್ ಸಾಫ್ಟ್‌ವೇರಿನಲ್ಲಿ ಇದಕ್ಕೆ ಫಿಲ್ ಎನ್ನುತ್ತಾರೆ. ಆರ್ಕೆಸ್ಟ್ರಾದವರ ಅರೇಂಜರ್ ಕೀಬೋರ್ಡಿನಲ್ಲಿ ಇದಕ್ಕೊಂದು ಗುಂಡಿಯೇ ಇರುತ್ತದೆ. ಏಬಲ್ಟನ್ ಲೈವ್ ಎಂಬ ಸಾಫ್ಟ್‌ವೇರಿನಲ್ಲಿ ಬೇರೆ ನಡೆಯ ಗುಂಡಿ ಒತ್ತಿದ ಕೂಡಲೇ ಅದು ಶುರುವಾಗುವುದಿಲ್ಲ. ನಡೆಯುತ್ತಿರುವ ಬಾರ್ ಮುಗಿಯುವವರೆಗೆ ಕಾದು, ಮುಂದಿನ ಬಾರಿನ ಮೊದಲ ಪೆಟ್ಟಿಗೆ ಸೇರಿಕೊಳ್ಳುತ್ತದೆ. ಮೂಡಲಪಾಯದ ಮದ್ದಳೆಗಾರನೂ ಹೀಗೆಯೇ. ಭಾಗವತರ ಕೈಯ ಸನ್ನೆ ಕಂಡರೂ ಆವರ್ತ ಮುಗಿಸಿ, ಮುಕ್ತಾಯ ಬಾರಿಸಿ, ಸಮಕ್ಕೆ ಸರಿಯಾಗಿ ಹೊಸ ತಾಳಕ್ಕೆ ಕಾಲಿಡುತ್ತಾನೆ.

ಭಂಡಾರದಲ್ಲಿ ಬರುವ ಫಿಲ್‌ಗಳು ಸಾಮಾನ್ಯವಾಗಿ ಟಾಮ್‌ಗಳ ಮೇಲೆ ಉರುಳಿ ಕ್ರ್ಯಾಶ್‌ಗೆ ಬೀಳುತ್ತವೆ. ದೇವಿ ಹಾಡಿಗೆ ಅದರ ಬದಲು ತೀರ್ಮಾನ ಬರೆಯಬಹುದು. ಒಂದೇ ಸೊಲ್ಲು ಮೂರು ಸಲ ಬಂದು ಮುಂದಿನ ಸಮಕ್ಕೆ ಬೀಳುವುದು ತೀರ್ಮಾನ. ನಾಲ್ಕು ಪೆಟ್ಟಿನ ಬಾರನ್ನು 16 ಮನೆಗಳಾಗಿ ಒಡೆದ ಚೌಕುಳಿಯಲ್ಲಿ ತಕದಿಮಿಗೆ 4 ಮನೆ, ಬಿಡುವಿಗೆ 2, ಮತ್ತೆ 4, ಮತ್ತೆ 2, ಮತ್ತೆ 4. ಒಟ್ಟು 16. ಅಂದರೆ 1ರಿಂದ 4, 7ರಿಂದ 10, 13ರಿಂದ 16ನೇ ಮನೆಗಳಲ್ಲಿ ಪೆಟ್ಟು ಹಾಕಿದರೆ, ಮುಂದಿನ ಬಾರಿನ ಮೊದಲ ಮನೆಗೆ ಹಾಡು ನೇರ ಬಂದು ಇಳಿಯುತ್ತದೆ. ಮೂರೂ ಸಲ ಒಂದೇ ಬಿರುಸು ಬೇಡ. ಮೊದಲ ಸೊಲ್ಲಿಗೆ ವೆಲಾಸಿಟಿ 70ರ ಆಸುಪಾಸು, ಎರಡನೆಯದಕ್ಕೆ 90, ಮೂರನೆಯದಕ್ಕೆ 110, ಸಮದ ಪೆಟ್ಟಿಗೆ 120 ಎಂದು ಏರಿಸಿದರೆ ಕಂಪ್ಯೂಟರಿನ ಬಾಜನೆಗೆ ಮನುಷ್ಯನ ಕೈ ಬರುತ್ತದೆ.

ತಾಳ ನಿಲ್ಲಿಸುವುದೂ ಜೋಡಣೆಯ ಭಾಗವೇ. ವೀರಗಾಸೆಯಲ್ಲಿ ಕರಡೆ, ಸಂಬಾಳದ ಅಬ್ಬರ ಒಮ್ಮೆಗೇ ನಿಲ್ಲುತ್ತದೆ. ಪುರವಂತರು ಒಡಪು ಹೇಳುತ್ತಾರೆ. ಸಾಲು ಮುಗಿದ ಕೂಡಲೇ ವಾದ್ಯ ಗುಡುಗುತ್ತದೆ. ವಾದ್ಯ ನಿಂತದ್ದರಿಂದಲೇ ಮಾತಿಗೆ ಕೆಚ್ಚು ಬರುತ್ತದೆ. 1884ರಲ್ಲಿ ಪಕ್ಕದ ಗುಬ್ಬಿಯಲ್ಲಿ ಹುಟ್ಟಿ, ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡೆಲ್ಲ ಹೆಸರಾದ ಕಂಪನಿಯ ನಾಟಕಗಳ ಕಾಲದಲ್ಲಿ ನಟರು ಕಂದಪದ್ಯವನ್ನು ತಾಳವಿಲ್ಲದೆ ನಿಧಾನವಾಗಿ ಎಳೆದು ಹಾಡಿ, ಆಮೇಲೆ ತಬಲಾ ಹಿಡಿದ ರಂಗಗೀತೆಗೆ ಹೊರಳುತ್ತಿದ್ದರು. ಸಾಫ್ಟ್‌ವೇರಿನಲ್ಲಿ ಖಾಲಿ ಭಾಗ ಎಂಬ ಸಿದ್ಧ ಮಾದರಿ ಇರುವುದಿಲ್ಲ, ಹಾಗಾಗಿ ಹೊಸಬರಿಗೆ ಅದು ಹೊಳೆಯುವುದೂ ಇಲ್ಲ. ಎರಡನೇ ಚರಣಕ್ಕೆ ಮುಂಚೆ ಎರಡು ಬಾರ್ ಪೂರ್ತಿ ಖಾಲಿ ಬಿಟ್ಟು, ಬರೀ ದನಿಯಲ್ಲಿ ದೇವಿಯನ್ನು ಕರೆದು, ಆಮೇಲೆ ತಮಟೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಒಮ್ಮೆ ಮಾಡಿಯೇ ನೋಡಬೇಕು. ತಾಳವಿಲ್ಲದ ಭಾಗವನ್ನು ಮೆಟ್ರೊನೋಮ್ ಇಲ್ಲದೆ ಬೇರೆಯಾಗಿ ಹಾಡಿಸಿ, ಮುಗಿದ ಜಾಗಕ್ಕೆ ಹೊಸ ಬಾರಿನ ಗೆರೆಯನ್ನು ಹೊಂದಿಸುವುದು ಒಳ್ಳೆಯದು. ಹಾಡುಗಾರರ ಉಸಿರಿಗೆ ಯಂತ್ರ ಕಾಯಬೇಕು.

ಇಷ್ಟೆಲ್ಲ ಜೋಡಣೆ ಸರಿಯಾದರೂ ಒಂದು ಕೊರತೆ ಉಳಿಯುತ್ತದೆ. ದನಿಯೇ ನಮ್ಮದಲ್ಲ. ಭಂಡಾರಗಳಲ್ಲಿ ರಾಕ್, ಜಾಝ್, ಮೆಟಲ್ ಡ್ರಮ್ಮುಗಳು ಹೇರಳ. ಉತ್ತರ ಭಾರತದ ತಬಲಾ, ಢೋಲಕ್ ಕೂಡ ಸಿಗುತ್ತವೆ. ಈ ಸೀಮೆಯ ಸೋಮನ ಕುಣಿತಕ್ಕೆ ಹೆಜ್ಜೆ ಕೊಡುವ ಅರೆವಾದ್ಯ, ಊರಹಬ್ಬದ ತಮಟೆ, ವೀರಗಾಸೆಯ ಕರಡೆ ಹುಡುಕಿದರೆ ಸಿಗುವುದು ಕಷ್ಟ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ತಮಟೆಗೆ ರಾಷ್ಟ್ರದ ಮನ್ನಣೆ ಸಿಕ್ಕಿದೆ. ಕಂಪ್ಯೂಟರಿನ ಭಂಡಾರದಲ್ಲಿ ಜಾಗ ಇನ್ನೂ ಸಿಗಬೇಕಿದೆ.

ಆ ಜಾಗವನ್ನು ನಾವೇ ಮಾಡಿಕೊಳ್ಳಬಹುದು. ಹೈಡ್ರೋಜನ್‌ನಲ್ಲಿ ಸ್ವಂತ ಡ್ರಮ್‌ಕಿಟ್ ಕಟ್ಟುವ ಅವಕಾಶವಿದೆ. ಒಂದು ವಾದ್ಯಕ್ಕೆ ವೆಲಾಸಿಟಿಗೆ ತಕ್ಕಂತೆ ಹಲವು ಪದರ ದನಿಗಳನ್ನು ಕೊಡಬಹುದು. ತಮಟೆಯನ್ನು ರೆಕಾರ್ಡ್ ಮಾಡುವಾಗ ಮೊದಲು ಬೆಂಕಿಗೆ ಕಾಯಿಸಬೇಕು. ಕಾದ ಚರ್ಮ ಬಿಗಿದು ದನಿ ಟಣ್ ಎನ್ನುತ್ತದೆ. ಆರುತ್ತಾ ಹೋದಂತೆ ಸಡಿಲಗೊಂಡು ಶ್ರುತಿ ಇಳಿಯುತ್ತದೆ. ಒಂದೇ ಕಾವಿನಲ್ಲಿ ಸಿಕ್ಕಷ್ಟು ಪೆಟ್ಟು ಹಿಡಿದು, ಮತ್ತೆ ಕಾಯಿಸಿ, ಮೊದಲಿನ ಪೆಟ್ಟಿಗೆ ಹೋಲಿಸಿ ನೋಡಿ ಮುಂದುವರಿಯಬೇಕು. ದಪ್ಪ ಕೋಲಿನ ನಡುಪೆಟ್ಟು, ತೆಳು ಕಡ್ಡಿಯ ಅಂಚುಪೆಟ್ಟು, ಎರಡೂ ಕೂಡಿದ ಪೆಟ್ಟು, ಬೆರಳಿಂದ ಚರ್ಮ ಒತ್ತಿ ಮುಚ್ಚಿದ ಪೆಟ್ಟು ಇವನ್ನು ಬೇರೆಬೇರೆಯಾಗಿ ಹಿಡಿಯಬೇಕು. ಪ್ರತಿಯೊಂದನ್ನೂ ಮೆದು, ಮಧ್ಯಮ, ಜೋರು ಮೂರು ಬಿರುಸಿನಲ್ಲಿ, ಒಂದೊಂದು ಬಿರುಸಿನಲ್ಲೂ ನಾಲ್ಕಾರು ಸಲ. ಒಂದೇ ಧ್ವನಿ ಪದೇ ಪದೇ ಬಂದರೆ ಮೆಷಿನ್ ಗನ್ನಿನಂತೆ ಕೇಳಿಸುತ್ತದೆ. ನಾಲ್ಕಾರು ಇದ್ದರೆ ಸಾಫ್ಟ್‌ವೇರ್ ಬದಲಾಯಿಸುತ್ತಾ ನುಡಿಸುತ್ತದೆ. ಬರಿಗೋಡೆಯ ಕೋಣೆಯ ಮಾರ್ದನಿಗೆ ಮದ್ದು ಈ ಸೀಮೆಯಲ್ಲೇ ಇದೆ. ತೆಂಗಿನ ನಾರಿನ ದಪ್ಪ ಮ್ಯಾಟುಗಳನ್ನು ಗೋಡೆಗೆ ಸ್ವಲ್ಪ ಅಂತರ ಬಿಟ್ಟು ತೂಗುಹಾಕಿದರೆ, ನಾರಿನ ಸಂದುಗೊಂದುಗಳಲ್ಲಿ ಶಬ್ದ ಸವೆಯುತ್ತದೆ. ಮೇಲಿನ ಮತ್ತು ನಡುವಿನ ದನಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ದೊಡ್ಡ ಚರ್ಮವಾದ್ಯದ ತಗ್ಗುದನಿಯ ಗುಮ್ಮು ಮಾತ್ರ ಅಷ್ಟಕ್ಕೆ ಅಡಗುವುದಿಲ್ಲ, ಅದಕ್ಕೆ ಬಯಲಿನಲ್ಲಿ ರೆಕಾರ್ಡ್ ಮಾಡುವುದೇ ವಾಸಿ.

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಗುಡಿಯ ಭುವನೇಶ್ವರಿಯಲ್ಲಿ (ಒಳಛಾವಣಿಯಲ್ಲಿ) ಒಂಬತ್ತನೇ ಶತಮಾನದ ಶಿಲ್ಪಿಗಳು ಕುಣಿಯುವ ಶಿವನನ್ನು ಕೆತ್ತಿದಾಗ ಪಕ್ಕದಲ್ಲಿ ವಾದ್ಯಗಾರರನ್ನು ಮರೆಯಲಿಲ್ಲ. ಇಂದಿನ ಕೆಲಸದಲ್ಲೂ ಅವರನ್ನು ಮರೆಯಬಾರದು. ತಿಪಟೂರಿನಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ಕಂಪ್ಯೂಟರ್ ಬಲ್ಲ ಹುಡುಗ ಹುಡುಗಿಯರಿದ್ದಾರೆ, ಸುತ್ತಲ ಹಳ್ಳಿಗಳಲ್ಲಿ ಅರೆ, ತಮಟೆ, ಕರಡೆ ಬಾರಿಸುವ ಹಿರಿಯರಿದ್ದಾರೆ. ಇಬ್ಬರೂ ಒಂದೆಡೆ ಕೂತರೆ ಈ ಸೀಮೆಯ ವಾದ್ಯಗಳದೇ ಒಂದು ಮುಕ್ತ ಡ್ರಮ್‌ಕಿಟ್ ಸಿದ್ಧವಾಗುತ್ತದೆ. ಪೆಟ್ಟುಗಳ ಜತೆಗೆ ಹೆಜ್ಜೆಯ ನಡೆಗಳನ್ನೂ ಅವರಿಂದಲೇ ಕೇಳಿ ಮಿಡಿಯಲ್ಲಿ ಬರೆದಿಡಬೇಕು. ಯಾವ ನಡೆ ಯಾವ ಸಂದರ್ಭದ್ದು, ಅದರ ಮುಕ್ತಾಯ ಯಾವುದು ಎಂಬುದೂ ಜತೆಗಿರಬೇಕು. ಬಾರಿಸಿದ ಕಲಾವಿದರಿಗೆ ದಿನದ ಸಂಭಾವನೆ ಕೊಟ್ಟು, ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು ಕೆಲಸ ಶುರುವಾಗಬೇಕು. ಹೈಡ್ರೋಜನ್‌ನ ಪ್ರತಿ ಡ್ರಮ್‌ಕಿಟ್ಟಿನಲ್ಲೂ ಕರ್ತೃವಿನ ಹೆಸರು, ವಿವರ, ಪರವಾನಗಿ ಬರೆಯಲು ಖಾನೆಗಳಿವೆ. ಆ ಕರ್ತೃವಿನ ಖಾನೆಯಲ್ಲಿ ಲ್ಯಾಪ್‌ಟಾಪ್ ಹಿಡಿದವರ ಹೆಸರಿಗಿಂತ ಮೊದಲು, ಕೋಲು ಹಿಡಿದವರ ಹೆಸರು ಊರಿನ ಸಮೇತ ಬರಬೇಕು.